ಮಂಜುಳಾಳ ಬ್ಯಾಗಿನಲ್ಲಿ ಪಾನಾ

“ಅಕ್ಕೋರ, ಮಂಜುಳಾನ ಬ್ಯಾಗಿನ್ಯಾಗ ಪಾನಾ ಐತ್ರಿ!”

ಮಂಜುಳಾಳ ಪಕ್ಕದಲ್ಲಿ ಕೂತಿದ್ದ ಹುಡುಗಿ ಹೀಗೆ ಕೂಗಿದಾಗ ನನ್ನ ಎದೆ ಧಸಕ್ಕೆಂದಿತು. ಮಕ್ಕಳು ಮೊಬೈಲ್ ತಂದಿದ್ದಾರೇನೋ ಎಂದು ಒಂಬತ್ತನೇ ತರಗತಿಯ ಬ್ಯಾಗುಗಳನ್ನು ನೋಡುತ್ತಿದ್ದೆ. ಮೈಸೂರು ಕಡೆಯಿಂದ ಬೆಳಗಾವಿ ಕಡೆಯ ಯರಗಟ್ಟಿಗೆ ಟೀಚರಾಗಿ ಬಂದ ಹೊಸತು. ನನಗೆ ಗೊತ್ತಿದ್ದ ಪಾನ ಒಂದೇ, ಮದ್ಯಪಾನ!

“ತೆಗೀ ಹೊರಗೆ!” ಎಂದು ಗದರಿದೆ. ಮಂಜುಳಾ ಹೆದರುತ್ತಲೇ ಬ್ಯಾಗಿಗೆ ಕೈ ಹಾಕಿ ತೆಗೆದದ್ದು ಎಣ್ಣೆ ಮೆತ್ತಿದ ಸ್ಪ್ಯಾನರ್. ಇಲ್ಲಿ ಅದಕ್ಕೇ ಪಾನಾ ಅನ್ನುತ್ತಾರಂತೆ. ನಾನು ಏನೆಂದುಕೊಂಡಿದ್ದೆ ಎಂದು ಹೇಳಿದ್ದೇ ತಡ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ.

“ನಿನ್ನ ಸೈಕಲ್ಲಿಗಾ ಇದು?” ಎಂದು ಕೇಳಿದೆ.

“ನನಗ ಸೈಕಲ್ ಇಲ್ರಿ. ಗೆಳತ್ಯಾರ ಹಿಂದ ಕುಂತ ಬರತೇನ್ರಿ. ದಾರ್ಯಾಗ ಯಾರದರ ನಟ್ ಸಡ್ಲ ಆದ್ರ ಬಿಗಿ ಮಾಡಾಕ ಬೇಕಲ್ರಿ” ಎಂದಳು ಮಂಜುಳಾ.

ನಾನು ಹೋಗಿ ನನ್ನ ಕಬ್ಬಿಣದ ಕುರ್ಚಿಯಲ್ಲಿ ಕೂತೆ. ಅದು ಎಂದಿನಂತೆ ಒಂದು ಕಡೆ ವಾಲಿ ಕಿರ್ರೆಂದಿತು. ಮಂಜುಳಾ ಅದನ್ನೇ ನೋಡಿ, “ಜರಾ ಏಳ್ರಿ ಅಕ್ಕೋರ” ಎಂದು ನನ್ನನ್ನು ಎಬ್ಬಿಸಿ, ನೆಲಕ್ಕೆ ಕೂತು ಕುರ್ಚಿಯ ನಟ್ಟುಗಳನ್ನೆಲ್ಲ ಬಿಗಿ ಮಾಡಿದಳು. “ಈಗ ಆರಾಮ ಕುಂದರ್ರಿ, ಅಳ್ಳಾಡಂಗಿಲ್ಲ.”

ಈ ಊರಿಗೆ ಬಂದಾಗಿನಿಂದ ಆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದವಳು, ಅವತ್ತು ಮೊದಲ ಸಲ ಬೆನ್ನು ಆನಿಸಿ ಕೂತೆ.