ಮೊಣಕಾಲೆತ್ತರದ ಗೋಧಿ

ಗೋಧಿ ಸಂಶೋಧನಾ ಕೇಂದ್ರದ ಅಳತೆಗಾರನಿಗೆ ಎತ್ತರವೆಂದರೆ ಹುಟ್ಟಿದಾಗಿನಿಂದಲೂ ಆಗುತ್ತಿರಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಅಪ್ಪನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಇಷ್ಟುದ್ದ ಯಾಕೆ ಎಂಬಂತೆ ಮುಖ ಸಿಂಡರಿಸಿದ್ದನೆಂದು ಪ್ರತೀತಿ. ಅದೇ ಅಪ್ಪ ಸತ್ತ ದಿನ ಗುಂಡಿ ತೋಡುವವರು ಹಗ್ಗ ಹಿಡಿದು ಅಳತೆಗೆ ಬಂದರೆ, ಇವನು ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, "ನೂರ ಅರವತ್ತಮೂರು ಸೆಂಟಿಮೀಟರ್" ಎಂದು ಹೇಳಿ ಮತ್ತೆ ಅಳತೊಡಗಿದನಂತೆ. ಹಗ್ಗವೂ ಅಷ್ಟೇ ಹೇಳಿತಂತೆ. ಅಂಥ ಮಹಾಪುರುಷ.

ಮೂವತ್ತೊಂದು ವರ್ಷ ಅವನ ಕೆಲಸ ಒಂದೇ. ತೆನೆ ಹೊರಟ ಮೇಲೆ ಕೋಲು ಹಿಡಿದು ಸಾಲಿಗಿಳಿಯುವುದು, ನೆಲದಿಂದ ತೆನೆಯ ತುದಿಯವರೆಗೆ ಅಳೆಯುವುದು, ತೆನೆಯ ಮೀಸೆಯನ್ನು ಬಿಟ್ಟು ಬರೆದುಕೊಳ್ಳುವುದು. ಬಿತ್ತುವವರು ಬೇರೆ, ಕಾಳು ತೂಗುವವರು ಬೇರೆ. ತೂಕದ ಕೋಣೆಯ ಬಾಗಿಲು ಯಾವ ಬಣ್ಣದ್ದೆಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ.

ಅವನ ಅಕ್ಕ ಬೆಳೆಯುತ್ತಿದ್ದದ್ದು ಹಳೆಯ ಎತ್ತರದ ತಳಿ. ಎದೆಮಟ್ಟ ಬೆಳೆಯುತ್ತಿತ್ತು, ಕಾಳು ತುಂಬುವ ಹೊತ್ತಿಗೆ ಗಾಳಿ ಬೀಸಿದರೆ ನೆಲ ಹಿಡಿದು ಮಲಗುತ್ತಿತ್ತು. ಭಾವ ತೀರಿಕೊಂಡ ಮೇಲೆ ಆ ಒಂದು ಹೊಲವೇ ಅವಳಿಗೆ ವರ್ಷದ ಹಿಟ್ಟು. ಅದು ಕೈಕೊಟ್ಟರೆ ಮಗಳ ಮನೆಯಲ್ಲಿ, ಅಳಿಯನ ಹಂಗಿನ ಕೂಳು.

"ನಿನ್ನ ಗೋಧಿ ಉಂಡದ್ದೆಲ್ಲ ಕಾಲು ಬೆಳೆಸೋದಕ್ಕೇ ಹೋಗ್ತಿದೆ ಅಕ್ಕ," ಎಂದ ಅಳತೆಗಾರ. "ಗಿಡ್ಡತನದ ಜೀನು ಅಂತ ಒಂದಿದೆ. ಅದಿದ್ರೆ ಕಾಂಡ ಗಿಡ್ಡ. ಉಳಿದದ್ದು ಕಾಳಿಗೆ. ಗಾಳಿಗೂ ಬೀಳಲ್ಲ."

"ನೀನೂ ಗಿಡ್ಡನೇ ಅಲ್ವೇನೋ. ನಿಂದು ಉಳಿದದ್ದು ಎಲ್ಲಿಗೆ ಹೋಯ್ತು?"

"ನಾಲಿಗೆಗೆ."

ಅಲ್ಲಿಗೆ ನಿಲ್ಲಿಸಿದ್ದರೆ ಅವನ ಮಾತು ನೂರಕ್ಕೆ ನೂರು ಸರಿ. ಆದರೆ ಕೇಂದ್ರದಲ್ಲಿ ಒಂದು ಜೀನಿನ ಗೋಧಿಯ ಪಕ್ಕದಲ್ಲೇ ಅಂಥವೇ ಎರಡು ಜೀನು ಸೇರಿದ್ದೂ ಇತ್ತು. ಮೊಣಕಾಲೆತ್ತರ. ಒಂದರಿಂದ ಇಷ್ಟು ಲಾಭವಾದರೆ ಎರಡರಿಂದ ಎಷ್ಟಿರಬೇಡ? ಪ್ರಯೋಗ ಮುಗಿದು ಉಳಿದ ಕಾಳನ್ನು ಕೆಲಸಗಾರರು ಹಿಟ್ಟಿಗೆ ಒಯ್ಯುವ ರೂಢಿಯಿತ್ತು. ಅವನು ಆ ಎರಡು ಜೀನಿನ ಗೋಧಿಯ ಮೂಟೆ ಹೆಗಲಿಗೇರಿಸುವಾಗ ತಳಿಗಳನ್ನು ನೋಡಿಕೊಳ್ಳುವ ಮೇಡಂ ಹೇಳಿದರು: "ಬೀಸಿ ತಿನ್ನಿ, ಬಿತ್ತಬೇಡಿ. ಅದು ಅತಿಯಾಗಿದೆ, ಇಳುವರಿನೂ ಕಡಿಮೆ."

ಒಳ್ಳೆಯದನ್ನು ದೊಡ್ಡವರು ತಮಗೇ ಇಟ್ಟುಕೊಳ್ಳುತ್ತಾರೆಂದು ನಮ್ಮ ವೀರ ಒಳಗೊಳಗೇ ನಕ್ಕ.

ಅಕ್ಕ ತಮ್ಮನನ್ನು ನಂಬಿ ಹಳೆಯ ಬೀಜವನ್ನೆಲ್ಲ ಗಿರಣಿಗೆ ಹಾಕಿಸಿದಳು. ಮೇಲ್ಮಣ್ಣು ಒಣಗಿತ್ತು. ಹಾಗಾಗಿ ಅಮ್ಮ ಕಲಿಸಿದಂತೆ ತೇವ ಸಿಗುವ ತನಕ ಇಳಿದು, ಐದು ಬೆರಳು ಆಳಕ್ಕೆ ಹೊಸದನ್ನು ಬಿತ್ತಿದಳು. ಹಳೆಯ ತಳಿ ಅಷ್ಟು ಆಳದಿಂದ ಪ್ರತಿ ವರ್ಷವೂ ಎದ್ದು ಬರುತ್ತಿತ್ತು.

ಹತ್ತನೆಯ ದಿನ ಹೊಲ ಬೋಳು. ಇಪ್ಪತ್ತನೆಯ ದಿನ ಅಲ್ಲೊಂದು ಇಲ್ಲೊಂದು ಎಲೆ, ಮುದುಕನ ನೆತ್ತಿಯ ಕೂದಲಿನ ಹಾಗೆ. ಸುದ್ದಿ ತಿಳಿದು ಅಳತೆಗಾರ ಓಡಿಬಂದ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದಕಿದರು.

ಬೀಜ ಕೆಟ್ಟಿರಲಿಲ್ಲ. ಕಾಳೆಲ್ಲ ಮೊಳೆತಿದ್ದವು. ಆದರೆ ಕಾಂಡವನ್ನು ಗಿಡ್ಡ ಮಾಡಿದ ಜೀನು, ಎಲೆಯನ್ನು ಮಣ್ಣಿನೊಳಗಿಂದ ಹೊರಗೆ ದಾಟಿಸುವ ಮೊಳಕೆಯ ಕವಚವನ್ನೂ ಗಿಡ್ಡ ಮಾಡಿತ್ತು. ಮೂರೂವರೆ ಬೆರಳಿಗೆ ಕವಚ ಮುಗಿದಿತ್ತು. ಅಲ್ಲೇ, ಕತ್ತಲಲ್ಲೇ, ಎಲೆ ಬಿಚ್ಚಿಕೊಂಡು, ಸುತ್ತಿಕೊಂಡು, ಹಳದಿಯಾಗಿ ಸತ್ತಿತ್ತು. ಸಾಲು ಸಾಲಾಗಿ ಹಾಗೇ. ಮತ್ತೆ ಬಿತ್ತಲು ಬೀಜವಿರಲಿಲ್ಲ, ಹದವೂ ದಾಟಿತ್ತು.

ಅಕ್ಕ ಬಯ್ಯಲಿಲ್ಲ. ಒಂದು ಮೊಳಕೆಯನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡಳು.

"ಅಳಿಯನಿಗೆ ಹೇಳಿಕಳಿಸು, ಬರ್ತೀನಿ ಅಂತ," ಎಂದಳು. ಆಮೇಲೆ, "ಮೂವತ್ತೊಂದು ವರ್ಷ ಇದರ ಮಧ್ಯನೇ ಇದ್ಯಲ್ಲೋ. ಇದು ಇಷ್ಟು ಆಳದಿಂದ ಬರಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?"

"ಇಲ್ಲ ಅಕ್ಕ. ನಾನು ಮಣ್ಣಿಂದ ಮೇಲಕ್ಕಷ್ಟೇ ಅಳೀತಿದ್ದೆ."