ಡಾಕ್ಟರು ಹೇಳುವ ಮೊದಲೇ ಮುಗಿದ ವರದಿ

ನನ್ನ ಅತ್ತಿಗೆಯನ್ನು ಕಳ್ಳಿ ಅಂದರು. ಬಾಯಿ ಬಿಟ್ಟು ಆ ಮಾತು ಹೇಳಲಿಲ್ಲ, ‘ಸಮಯದ ಜೊತೆ ಆಟ ಆಡ್ತಿದೀರ’ ಅಂದರು. ಅರ್ಥ ಒಂದೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅತ್ತಿಗೆ ಅಂದರೆ ನನ್ನವರ ಅಕ್ಕ. ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದವರು. ಟೈಪ್‌ರೈಟರುಗಳ ಕಾಲ ಮುಗಿದು ಆ ಶಾಲೆ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಆಸ್ಪತ್ರೆಗೆ ವರದಿ ಟೈಪ್ ಮಾಡುತ್ತಾರೆ. ಡಾಕ್ಟರು ಮಾತಿನಲ್ಲಿ ಹೇಳಿ ಕಳಿಸಿದ್ದನ್ನು ಇವರು ಕೇಳಿಸಿಕೊಂಡು, ಅಕ್ಷರಕ್ಕಿಳಿಸಿ, ಅರ್ಧ ಗಂಟೆಯೊಳಗೆ ವಾಪಸ್ ಕಳಿಸಬೇಕು. ಇಂದಿಗೂ ಕೀಲಿಗಳನ್ನು ಒತ್ತುವುದಿಲ್ಲ, ಗುದ್ದುತ್ತಾರೆ. ಮಗು ಮಲಗಿದೆ, ಸ್ವಲ್ಪ ಮೆಲ್ಲಗೆ ಅಂದರೆ, ಮೆಲ್ಲಗೆ ಒತ್ತಿದರೆ ಅಕ್ಷರಕ್ಕೇ ನಂಬಿಕೆ ಬರುವುದಿಲ್ಲ ಅನ್ನುತ್ತಾರೆ. ಒಂದು ಕೊಂಬು ತಪ್ಪಿ ಹೋದರೆ ಅವತ್ತು ಅವರಿಗೆ ಊಟ ಸೇರದು.

ಅಂಥವರ ವರದಿಯ ಮೇಲೆ ಒಂದು ಸೋಮವಾರ ಹತ್ತು ಇಪ್ಪತ್ತರ ಸಮಯ ಬಿದ್ದಿತ್ತು. ಡಾಕ್ಟರು ಮಾತಾಡಿದ್ದೇ ಹತ್ತೂವರೆಗೆ. ಆಸ್ಪತ್ರೆಯ ಮ್ಯಾನೇಜರ್ ಫೋನ್ ಮಾಡಿ, ತಡವಾದದ್ದನ್ನು ಮುಚ್ಚಿಡಲು ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕಿಟ್ಟಿದ್ದೀರಿ ಎಂದು ನಿಮ್ಮ ದಾಖಲೆಯಲ್ಲಿ ಬರೆದಿದ್ದೇವೆ, ಇನ್ನೊಂದು ವಾರದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಕೆಲಸ ಇಲ್ಲ ಅಂದರು. ಮೋಸ ಮಾಡುವವಳು ಡಾಕ್ಟರು ಬಾಯಿ ತೆರೆಯುವ ಮೊದಲೇ ವರದಿ ಮುಗಿಸುವಷ್ಟು ಪೆದ್ದಿಯಾಗಿರುತ್ತಾಳೆಯೇ? ಅಷ್ಟು ಸಣ್ಣ ಯೋಚನೆ ಆ ಮನುಷ್ಯನಿಗೆ ಹೊಳೆಯಲಿಲ್ಲ.

ಅತ್ತಿಗೆ ಗಡಿಯಾರ ಸರಿ ಮಾಡಿದರು. ಮರುದಿನ ಬೆಳಿಗ್ಗೆ ಮತ್ತೆ ಹಿಂದೆ. ಇಂಟರ್ನೆಟ್ಟಿನಿಂದ ತಾನಾಗಿ ಸರಿಹೋಗುವ ಏರ್ಪಾಡು ಇತ್ತು, ಆದರೆ ಅದು ವಾರಕ್ಕೊಂದು ಸಲ ಮಾತ್ರ ಕಣ್ಣು ಬಿಡುತ್ತಿತ್ತು. ನನ್ನವರು ವೈರಸ್ ಇರಬೇಕೆಂದು ಒಂದಿಡೀ ಸಂಜೆ ಹುಡುಕಿದರು. ರಿಪೇರಿ ಅಂಗಡಿಯವನು ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ, ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ ಅಂದ. ನಾಡಿ ಹಿಡಿಯದೆ ಹೆಣ ಎತ್ತಿ ಅನ್ನುವ ವೈದ್ಯ.

ಅತ್ತಿಗೆ ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು ಎರಡೂ ಸಮಯಗಳನ್ನು ಗಂಟೆಗೊಮ್ಮೆ ಹಾಳೆಯಲ್ಲಿ ಬರೆಯತೊಡಗಿದರು. ಬೆಳಿಗ್ಗೆ ಸರಿ ಮಾಡಿಟ್ಟರೆ ಕೆಲಸ ನಡೆಯುವಷ್ಟು ಹೊತ್ತೂ ಒಂದು ನಿಮಿಷವೂ ಆಚೀಚೆ ಇಲ್ಲ. ಕಂಪ್ಯೂಟರ್ ಆರಿಸಿದ ಮೇಲೆಯೇ ಸಮಯ ಸೋರುತ್ತಿತ್ತು. ಐದು ದಿನದ ಹಾಳೆಯಲ್ಲಿ ಗುರುವಾರ ಬೆಳಿಗ್ಗೆ ಮಾತ್ರ ಶುರುವಿನಲ್ಲೇ ಎರಡೂ ಸಮಯ ಒಂದೇ ಆಗಿತ್ತು. ಅದರ ಮೇಲೆ ಬೆರಳಿಟ್ಟು ನನ್ನನ್ನು ಕರೆದರು.

“ಬುಧವಾರ ನೀನು ನಿಮ್ಮಮ್ಮನ ಮನೇಲಿದ್ದೆ ಅಲ್ವಾ?”

ಎಲ್ಲ ಹೇಳಿಬಿಟ್ಟೆ. ಮಗಳು ಅಂಬೆಗಾಲಿಡುವುದಕ್ಕೆ ಶುರುಮಾಡಿ ಒಂದು ತಿಂಗಳಾಗಿತ್ತು. ಪ್ಲಗ್ಗಿನದೂ ಸೇರಿ ಕಂಡ ತೂತಿಗೆಲ್ಲ ಬೆರಳು ಹಾಕುತ್ತಾಳೆ.

“ನೀವು ಕೆಲಸ ಮುಗಿಸಿದ ಮೇಲೆ ಹತ್ತು ದಿನದಿಂದ ದಿನಾ ಗೋಡೆ ಸ್ವಿಚ್ ಆರಿಸ್ತಿದ್ದೆ, ಅತ್ತಿಗೆ. ಬೆಳಿಗ್ಗೆ ನೀವು ಬರೋಕೆ ಮುಂಚೆ ಹಾಕಿಡ್ತಿದ್ದೆ.”

“ಕದ್ದು ಯಾಕೆ ಮಾಡ್ಬೇಕಿತ್ತು?”

“ಇದಕ್ಕೂ ಹೆದರ್ತೀಯಾ ಅಂತ ನಗ್ತೀರ ಅಂತ.”

“ಇಷ್ಟು ಟೈಮಿಗೆ ಸರಿಯಾಗಿ ಹೆದರೋರನ್ನ ನಾನು ನೋಡಿಲ್ಲ ಬಿಡು” ಅಂದರು ಅತ್ತಿಗೆ. ಬಯ್ದಿದ್ದರೆ ವಾಸಿಯಿತ್ತು.

ಟೈಪ್‌ರೈಟರ್ ಬಿಚ್ಚಿ ಜೋಡಿಸಿದ ಕೈ ಅವರದು, ಪೆಟ್ಟಿಗೆಯ ಸ್ಕ್ರೂಗಳನ್ನು ತಾವೇ ತೆಗೆದರು. ಒಳಗೆ ನಾಣ್ಯದಷ್ಟು ಗುಂಡಗಿನ ಒಂದು ಬ್ಯಾಟರಿ ಇತ್ತು. ಕರೆಂಟ್ ಇಲ್ಲದಾಗ ಗಡಿಯಾರಕ್ಕೆ ಅದೊಂದೇ ಆಸರೆ. ಅದು ಯಾವಾಗಲೋ ಸೊರಗಿದ್ದುದು, ನಾನು ಸ್ವಿಚ್ ಆರಿಸಲು ತೊಡಗಿದ ಮೇಲೆ ಬಯಲಾಗಿತ್ತು. ಕೈಗಡಿಯಾರದ ಅಂಗಡಿಯಿಂದ ಅದೇ ಅಳತೆಯದನ್ನು ತಂದು ಕೂರಿಸಿದರು. ಆ ರಾತ್ರಿ ನಾನು ಧೈರ್ಯವಾಗಿ ಸ್ವಿಚ್ ಆರಿಸಿದೆ. ಬೆಳಿಗ್ಗೆ ಗಡಿಯಾರ ಸರಿಯಾಗಿತ್ತು.

ಹಾಳೆಯ ಫೋಟೋ, ಹಳೆ ಬ್ಯಾಟರಿಯ ಫೋಟೋ ಎಲ್ಲವನ್ನೂ ಆಸ್ಪತ್ರೆಗೆ ಕಳಿಸಿದೆವು. ಸೋಮವಾರ ಮ್ಯಾನೇಜರ್ ಫೋನ್ ಮಾಡಿದರು. ಹೋಗಲಿ ಬಿಡಿ ಮೇಡಂ, ಈ ಸಲ ಕ್ಷಮಿಸಿದ್ದೇವೆ, ಕೆಲಸ ಮುಂದುವರಿಸಿ ಅಂದರು. ಕೆಲಸ ಉಳಿಯಿತಲ್ಲ ಎಂದು ನಾನು, ಥ್ಯಾಂಕ್ಸ್ ಹೇಳಿ ಎಂದು ಸನ್ನೆ ಮಾಡಿದೆ. ಅತ್ತಿಗೆ ನನ್ನ ಕಡೆ ನೋಡಲೂ ಇಲ್ಲ.

“ಕ್ಷಮೆ ತಪ್ಪು ಮಾಡಿದವ್ರಿಗೆ, ಸರ್. ನನ್ನ ಹೆಸರಿನ ಮುಂದೆ ಏನೋ ಬರೆದಿದೀರಲ್ಲ, ಅದನ್ನ ಹೊಡೆದುಹಾಕಿ. ಹೊಡೆದುಹಾಕಿದೀವಿ ಅಂತ ಬರೆದು ಕಳಿಸಿ. ಅಲ್ಲಿವರೆಗೆ ನಾನು ಟೈಪ್ ಮಾಡಲ್ಲ.”

ಎರಡು ದಿನ ಹಿಂದಿನ ಕೋಣೆ ಮೌನವಾಗಿತ್ತು. ಇದ್ದ ಕೆಲಸವನ್ನೂ ಹಟಕ್ಕೆ ಬಿದ್ದು ಕಳೆದುಕೊಂಡರಲ್ಲ ಎಂದು ನಾನು ಒಳಗೊಳಗೇ ಬೆಂದೆ. ಬುಧವಾರ ಮಧ್ಯಾಹ್ನ ಎರಡು ಸಾಲಿನ ಪತ್ರ ಬಂತು: ದೋಷ ಯಂತ್ರದ್ದು, ಆರೋಪವನ್ನು ದಾಖಲೆಯಿಂದ ತೆಗೆಯಲಾಗಿದೆ. ತೆಗೆಯಲಾಗಿದೆಯಂತೆ, ತಾನೇ ಬಂದು ಕೂತಿದ್ದ ಧೂಳಿನ ಹಾಗೆ. ಬರೆದವರು ಯಾರು, ಯಾಕೆ ಬರೆದರು, ಒಂದು ಮಾತಿಲ್ಲ.

ಅತ್ತಿಗೆಗೆ ಅಷ್ಟೇ ಸಾಕಾಯಿತು. ಕುರ್ಚಿ ಎಳೆದುಕೊಂಡು ಕೆಲಸಕ್ಕೆ ಕೂತರು. ನನಗೆ ಇನ್ನೂ ಸಾಕಾಗಿಲ್ಲ.