ಮಾವನ ನೀಲಿ ಚಿಟ್ಟೆ

ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಊರಿನ ಕಂದೀಲುಗಳೆಲ್ಲ ಮೂಲೆ ಸೇರಿದ್ದವು. ಕರ್ಕಿಯ ನನ್ನ ಸೋದರಮಾವ ಸುಬ್ರಾಯ ಮಾತ್ರ ಕಂದೀಲಿನ ಗಾಜನ್ನು ದಿನಾ ಒರೆಸಿ ಫಳಫಳ ಹೊಳೆಯುವಂತೆ ಇಡುತ್ತಿದ್ದ. ಅದರೊಳಗೆ ಅವನು ಹುಳ ಸಾಕುತ್ತಿದ್ದ.

ಮಾವನದು ಹೊಲಿಗೆ ಕೆಲಸ. ಕಡಲಂಚಿನ ಮರಳಲ್ಲಿ ಹಳದಿ ಹೂ ಬಿಡುವ, ಒಣಗಿದ ಕಾಯಿ ಗಿಲಗಿಲ ಎನ್ನುವ ಗಿಡವೊಂದಿತ್ತು. ಅದರ ಮೊಗ್ಗಿನ ಮೇಲೆ ಪುಟ್ಟ ನೀಲಿ ಚಿಟ್ಟೆ ಮೊಟ್ಟೆ ಇಟ್ಟದ್ದು ಕಂಡರೆ ಮಾವ ಟೊಂಗೆಯನ್ನೇ ಮುರಿದು ತರುತ್ತಿದ್ದ. ಅಂಗಿಯ ಅಳತೆ ಕೊಡಲು ಬಂದವರಿಗೂ ಆ ಚಿಟ್ಟೆಯ ಕತೆ ತಪ್ಪುತ್ತಿರಲಿಲ್ಲ. ಕೇಳಿ ಕೇಳಿ ಸಾಕಾದ ನನ್ನ ಅಪ್ಪ, ಮಾವ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದ.

ಅಪ್ಪ ಚಳವಳಿ ಸೇರಿ ತಲೆಮರೆಸಿಕೊಂಡ. ನಾನೂ ಅಮ್ಮನೂ ಮಾವನ ಮನೆಗೆ ಬಂದೆವು. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅಪ್ಪ ನಮ್ಮನ್ನು ನೋಡಲು ಕದ್ದು ಬಂದು ಅಡಿಗೆಮನೆಯ ಅಟ್ಟದಲ್ಲಿ ಮಲಗಿದ. ಬೆಳಗಾಗುತ್ತಲೇ ಪೊಲೀಸರು ಬಂದರು. ಒಬ್ಬ ಪೇದೆ ಹಿತ್ತಲ ಬಾಗಿಲಲ್ಲಿ ನಿಂತ. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಳು.

ಜಗಲಿಯಲ್ಲಿದ್ದ ಕಂದೀಲು ನೋಡಿ ಹವಾಲ್ದಾರ, “ಇದರಾಗ ಏನೈತಿ?” ಎಂದ.

“ಕೋಶ. ಈಗ ಒಡೀತಾ ಅದೆ, ಮುಟ್ಬೇಡಿ,” ಎಂದ ಮಾವ. “ಹುಳ ಆಗಿದ್ದಾಗ ಕಾಯಿ ಕೊರ್ದು ಬೀಜ ತಿಂತದೆ. ಬೆನ್ನಿಂದ ಸಿಹಿನೀರು ಬರ್ತದೆ, ಅದರ ಆಸೆಗೆ ಇರುವೆ ಕಾವಲು ಕೂತ್ಕಂತದೆ. ಆಮೇಲೆ ತಿನ್ನೂದೆಲ್ಲ ಬಿಟ್ಟು ಹೀಗೆ ಕೋಶದೊಳಗೆ ತೆಪ್ಪಗಿರ್ತದೆ. ನೋಡಿ, ಬಂತು ನೋಡಿ.”

ಹವಾಲ್ದಾರ ಬಗ್ಗಿದ. ಒದ್ದೆ ರೆಕ್ಕೆ ಮುದುಡಿಕೊಂಡ ಚಿಟ್ಟೆ ಹೊರಗೆ ಬಂದು ಟೊಂಗೆಗೆ ಜೋತಿತು. ಹಿತ್ತಲಿನ ಪೇದೆಯೂ ಒಳಗೆ ಬಂದು ಇಣುಕಿದ. ಮಾವನ ಮಾತು ನಿಲ್ಲಲಿಲ್ಲ. ಅದು ರೆಕ್ಕೆ ಬಿಚ್ಚಿ ನೀಲಿ ತೋರಿಸುವಷ್ಟರಲ್ಲಿ ಅಪ್ಪ ಅಟ್ಟ ಇಳಿದು, ಹಿತ್ತಲು ದಾಟಿ, ಹೊಳೆಯಲ್ಲಿ ದೋಣಿ ಹತ್ತಿಯಾಗಿತ್ತು. ಪೊಲೀಸರು ಅಟ್ಟ ಹುಡುಕಿ ಬರಿಗೈಯಲ್ಲಿ ಇಳಿದರು.

ಕೆಲವು ದಿನಗಳ ಮೇಲೆ ಬೆಳಕೆ ಊರಿನ ಕಡೆಯಿಂದ ಬಂದ ಮೀನಿನವಳು ಅಮ್ಮನಿಗೆ, “ನಿಮ್ಮೋರು ಆರಾಮಿದ್ರು, ಹೆದ್ರಬೇಡಿ,” ಎಂದು ಹೇಳಿಹೋದಳು. ಅಂದು ಮಧ್ಯಾಹ್ನ, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದ ಅಮ್ಮ ಎದ್ದದ್ದು ದೀಪ ಹಚ್ಚುವ ಹೊತ್ತು ದಾಟಿದ ಮೇಲೆಯೇ.

ಸ್ವಾತಂತ್ರ್ಯ ಬಂದ ಮೇಲೆ ಮಾವನನ್ನು ಕೊನೆಯ ಸಲ ಕಂಡದ್ದು ಕುಮಟೆಯ ಆಸ್ಪತ್ರೆಯಲ್ಲಿ. ಅಪ್ಪ ಕಿತ್ತಳೆ ಸುಲಿದು ಕೊಡುತ್ತ, “ಅವತ್ತು ನೀನು ಆ ಉಪಾಯ ಮಾಡದೇ ಇದ್ರೆ ನಾ ಜೈಲಲ್ಲಿ ಕೊಳೀಬೇಕಿತ್ತು, ಭಾವ,” ಎಂದ.

“ಉಪಾಯ ಎಂತದು?” ಎಂದ ಮಾವ. “ಆ ಚಿಟ್ಟೆ ಹೊರಗೆ ಬರೂದು ನೋಡ್ತಾ, ನೀ ಅಟ್ಟದಲ್ಲಿ ಇದ್ದದ್ದೇ ನಂಗೆ ಮರ್ತೋಗಿತ್ತು.”

ಅಪ್ಪ ನಕ್ಕ. ನಗುತ್ತಲೇ ಮಾವನ ಕೈಯನ್ನು ಹಣೆಗೆ ಒತ್ತಿಕೊಂಡ. ಮತ್ತೆ ನಾವು ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು.